ಕಾಲರಿನಲ್ಲಿ ಉಳಿದ ಸೂಜಿ

ಸೇನಾ ಶಿಬಿರದ ಗೇಟಿಗೆ ಎದುರಾಗಿ ಒಂದು ಹೊಲಿಗೆ ಅಂಗಡಿಯಿತ್ತು. ಅದರ ಒಡತಿಯನ್ನು ಬೀದಿಯವರೆಲ್ಲ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಸಿಪಾಯಿಗಳ ಪ್ಯಾಂಟು ಉದ್ದವಾದರೆ ಮೇಲಕ್ಕೆ ಮಡಿಸಿ ಹೊಲಿಯುವುದು, ಹೊಟ್ಟೆ ಬಂದವರ ಅಂಗಿ ಸಡಿಲಿಸುವುದು, ದೊಡ್ಡ ಅಧಿಕಾರಿಗಳಾದರೆ ಹೊಟ್ಟೆ ಬಂದದ್ದೇ ಗೊತ್ತಾಗದ ಹಾಗೆ ಸಡಿಲಿಸುವುದು, ಇದು ಅವಳ ಕಸುಬು. ಬಾಯಿ ಸ್ವಲ್ಪ ಜೋರು. ಊರಿಗೆಲ್ಲ ದೊಡ್ಡಮ್ಮನಾದರೂ ಹಾಗೆ ಕರೆಯುವ ನಿಜವಾದ ಹಕ್ಕು ಇದ್ದದ್ದು ಅವಳ ತಂಗಿಯ ಮಗಳೊಬ್ಬಳಿಗೆ. ಹುಟ್ಟುವಾಗಲೇ ಸಣಕಲಾಗಿದ್ದ ಆ ಹುಡುಗಿಯನ್ನು ಮನೆಯವರು ಕಡ್ಡಿ ಎಂದು ಕರೆದರು. ಅವಳು ಬೆಳೆದು ಬಾಗಿಲು ದಾಟುವಾಗ ತಲೆ ತಗ್ಗಿಸುವಷ್ಟು ಎತ್ತರವಾದಳು, ಸೈನ್ಯಕ್ಕೆ ಸೇರಿದಳು, ಗಂಡಸರ ಜೊತೆ ಮೂಟೆ ಹೊತ್ತು ಓಡಿದಳು. ಹೆಸರು ಮಾತ್ರ ಕಡ್ಡಿಯೇ.

ಕಡ್ಡಿಯ ಕೆಲಸ ಪ್ಯಾರಾಚೂಟ್ ಮಡಿಸುವುದು. ವಿಮಾನದಿಂದ ಹಾರುವವರ ಬೆನ್ನಿಗೆ ಕಟ್ಟುವ ಆ ದೊಡ್ಡ ಕೊಡೆಯ ಹಗ್ಗಗಳನ್ನು ಒಂದೊಂದಾಗಿ ಬಿಡಿಸಿ, ಬಟ್ಟೆಯನ್ನು ಪದರ ಪದರವಾಗಿ ಜೋಡಿಸಿ ಚೀಲಕ್ಕೆ ಸೇರಿಸಬೇಕು. ಮಡಿಸುವವರೂ ಹಾರುವುದನ್ನು ಕಲಿತಿರಬೇಕು, ಅವಳೂ ಕಲಿತಿದ್ದಳು. ತುರುಕುವುದು ಎಂದರೆ ಅವಳಿಗೆ ಎಲ್ಲಿಲ್ಲದ ಸಿಟ್ಟು.

"ತುರುಕೋದಲ್ಲ ದೊಡ್ಡಮ್ಮ, ಮಲಗಿಸೋದು."

"ಓಹೋ. ಹಾಗಾದ್ರೆ ಲಾಲಿ ಬೇರೆ ಹಾಡ್ತೀಯೇನೋ," ಎಂದು ದೊಡ್ಡಮ್ಮ ಹಲ್ಲಿನಲ್ಲಿ ನೂಲು ಕಚ್ಚಿ ತುಂಡರಿಸುತ್ತಿದ್ದಳು.

ಇಂಥವಳಿಗೆ ಸೌಂದರ್ಯ ಸ್ಪರ್ಧೆಯ ಹುಚ್ಚು ಎಲ್ಲಿಂದ ಹತ್ತಿತು ಎಂದು ಕೇಳಿದವರು ಒಬ್ಬಿಬ್ಬರಲ್ಲ. ಅದಕ್ಕೆ ಕಾರಣ ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡು. ರಜೆ ಸಿಕ್ಕ ದಿನವೆಲ್ಲ ಕಡ್ಡಿ ಅಲ್ಲಿಗೆ ಹೋಗಿ, ಹಾಸಿಗೆ ಹಿಡಿದವರಿಗೆ ತಲೆ ತೊಳೆದು ಬರುತ್ತಿದ್ದಳು. ಔಷಧಿ ಕೊಡಲು ನರ್ಸುಗಳಿದ್ದರು, ಗಂಜಿ ಕುಡಿಸಲು ಆಯಾಗಳಿದ್ದರು, ತಲೆ ತೊಳೆಯಲು ಮಾತ್ರ ಯಾರಿಗೂ ಪುರಸೊತ್ತಿರಲಿಲ್ಲ. ಬಿಸಿನೀರು ಬೇಕೆಂದರೆ ಕೆಳಗಿನ ಅಡುಗೆಮನೆಯಿಂದ ಬಕೆಟ್ಟಿನಲ್ಲಿ ಹೊತ್ತು ತರಬೇಕು. ಸ್ಪರ್ಧೆಯಲ್ಲಿ ಗೆದ್ದವಳು ಯಾವ ಸೇವೆಯನ್ನು ತೋರಿಸಿರುತ್ತಾಳೋ ಅದನ್ನು ಒಂದು ವರ್ಷ ಆಯೋಜಕರೇ ನಡೆಸಿಕೊಡುತ್ತಾರೆ ಎಂದು ಕಡ್ಡಿ ಎಲ್ಲೋ ಕೇಳಿದಳು. ವಾರ್ಡಿಗೆ ಬಿಸಿನೀರಿನ ನಲ್ಲಿ ಬಂದೀತು ಎಂದು ಹೆಸರು ಕೊಟ್ಟಳು. ಹೀಗೆಂದರೆ ಅರ್ಧ ಮಾತ್ರ ಹೇಳಿದ ಹಾಗಾಯಿತು. ಅವಳಿಗೆ ಕಿರೀಟವೂ ಬೇಕಿತ್ತು. ಬಣ್ಣ, ದೀಪ, ಚಪ್ಪಾಳೆ, ಎಲ್ಲವೂ ಬೇಕಿತ್ತು. ಇಪ್ಪತ್ತರ ಹುಡುಗಿಗೆ ಬೇಡವೆಂದರೆ ಇನ್ನಾರಿಗೆ ಬೇಕು ಹೇಳಿ.

ದೊಡ್ಡಮ್ಮ ಒಮ್ಮೆ ಅವಳ ಜೊತೆ ವಾರ್ಡಿಗೆ ಹೋಗಿದ್ದಳು. ಸೊಂಟ ಮುರಿದು ತಿಂಗಳುಗಟ್ಟಲೆ ಅಂಗಾತ ಮಲಗಿದ್ದ ಮುದುಕಿಯೊಬ್ಬಳ ಕೂದಲು ಗಂಟುಗಂಟಾಗಿ ದಿಂಬಿಗೇ ಅಂಟಿಕೊಂಡಿತ್ತು. ಕತ್ತರಿಸಿ ಬಿಸಾಡುವುದೇ ಸರಿ ಎಂದು ದೊಡ್ಡಮ್ಮನಿಗೆ ಅನ್ನಿಸಿತು. ಕಡ್ಡಿ ರಬ್ಬರ್ ಹಾಳೆಯನ್ನು ತಲೆಯಡಿಗೆ ಸರಿಸಿ, ಅದರ ತುದಿಯನ್ನು ಬಕೆಟ್ಟಿಗೆ ಇಳಿಬಿಟ್ಟು, ಒಂದು ಕೈಯಲ್ಲಿ ಕುತ್ತಿಗೆ ಹಿಡಿದು ಇನ್ನೊಂದರಲ್ಲಿ ನೀರು ಬಿಟ್ಟಳು. ಒಂದೊಂದೇ ಗಂಟನ್ನು ಬೆರಳಿನಲ್ಲಿ ಬಿಡಿಸಿದಳು, ಒಂದು ಕೂದಲೂ ಎಳೆಯಲಿಲ್ಲ. ವಾರ್ಡಿನ ತುಂಬ ಬೈದಾಡುತ್ತಿದ್ದ ಆ ಮುದುಕಿ ಅರ್ಧಕ್ಕೇ ನಿದ್ದೆ ಹೋದಳು. ದೊಡ್ಡಮ್ಮ ಟವೆಲ್ ಹಿಡಿದುಕೊಂಡು ಬೆಪ್ಪಾಗಿ ನಿಂತುಬಿಟ್ಟಳು. ತಾನು ಎತ್ತಿ ಆಡಿಸಿದ ಮಗುವಿನ ಕೈಗೆ ಇದೆಲ್ಲ ಯಾವಾಗ ಬಂತು ಎಂದು ಅವಳಿಗೆ ಹೊಳೆಯಲಿಲ್ಲ.

ಸ್ಪರ್ಧೆಯ ಉಸ್ತುವಾರಿ ನೋಡುತ್ತಿದ್ದ ಹೆಂಗಸು ಕೈಯಲ್ಲಿ ಸದಾ ಬಾಚಣಿಗೆ ಹಿಡಿದೇ ಓಡಾಡುತ್ತಿದ್ದಳು. ಹಾಗಾಗಿ ಅವಳು ದೊಡ್ಡಮ್ಮನ ಬಾಯಲ್ಲಿ ಬಾಚಣಿಗೆ ಮೇಡಂ. ಸೇವೆಗೆ ಸಾಕ್ಷಿಯಾಗಿ ವಾರ್ಡಿನ ಫೋಟೋ ಬೇಕೆಂದು ಅವಳು ಹಟ ಹಿಡಿದಳು.

"ತಲೆ ಕೆದರಿಕೊಂಡು ಮಲಗಿರೋವಾಗ ನಿಮ್ಮ ಫೋಟೋ ತೆಗೆದ್ರೆ ಸುಮ್ನಿರ್ತೀರಾ ಮೇಡಂ?" ಎಂದಳು ಕಡ್ಡಿ. ಬಾಚಣಿಗೆ ಮೇಡಂ ಮುಖ ಊದಿಸಿಕೊಂಡಳೇ ಹೊರತು ಕಡ್ಡಿ ಫೈನಲ್‌ಗೆ ಆಯ್ಕೆಯಾಗುವುದನ್ನು ತಡೆಯಲು ಅವಳಿಂದ ಆಗಲಿಲ್ಲ.

ದೊಡ್ಡಮ್ಮನಿಗೂ ಈ ಫೈನಲ್ ಬೇಕಿತ್ತು. ಹುಡುಗಿಗಿಂತ ಒಂದು ಕೈ ಹೆಚ್ಚಾಗಿಯೇ ಬೇಕಿತ್ತು. ವರ್ಷಗಟ್ಟಲೆ ಖಾಕಿ ಬಟ್ಟೆಯ ಅಂಚು ಹೊಲಿದು ಬೇಸತ್ತ ಹೆಂಗಸು ಅವಳು. ಕಡ್ಡಿಗಾಗಿ ಕಡುನೀಲಿ ಬಣ್ಣದ ಉದ್ದನೆಯ ಗೌನು ಹೊಲಿಯುತ್ತಿದ್ದಳು. ಹೆಗಲಿನಿಂದ ಪಾದದವರೆಗೆ ಹೊಲಿಗೆಯೇ ಕಾಣದ ಹಾಗೆ ಇಳಿಯುವ ಬಟ್ಟೆ. ಅದು ವೇದಿಕೆಯ ಮೇಲೆ ನಡೆದುಬರಬೇಕು, ಊರು ಬಾಯಿ ಬಿಟ್ಟು ನೋಡಬೇಕು, ಇದನ್ನು ಹೊಲಿದವರು ಯಾರು ಎಂದು ಕೇಳಬೇಕು. ಇಷ್ಟೇ ಅವಳ ಆಸೆ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಫೈನಲ್ ದಿನ ಕಡ್ಡಿಗೆ ಮಧ್ಯಾಹ್ನದವರೆಗೆ ಕೆಲಸ, ಆಮೇಲೆ ರಜೆ. ಮಾರನೆಯ ಬೆಳಿಗ್ಗೆ ಹೊಸದಾಗಿ ಸೇರಿದ ಹುಡುಗರ ಮೊದಲ ಹಾರಾಟವಿತ್ತು. ಅವರಿಗೆ ಬೇಕಾದ ಪ್ಯಾರಾಚೂಟುಗಳಲ್ಲಿ ಹೆಚ್ಚಿನವು ಅವಳ ಪಾಲಿಗೇ ಬಂದಿದ್ದವು. ಕೆಲಸಕ್ಕೆ ಹೋಗುವ ಮುಂಚೆ ಗೌನಿನ ಅಳತೆ ನೋಡಿಹೋಗಲು ಅಂಗಡಿಗೆ ಬಂದಳು. ಯೂನಿಫಾರಂ ಅಂಗಿ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ದೊಡ್ಡಮ್ಮ ಕೆಳಗೆ ಕುಕ್ಕರಗಾಲಲ್ಲಿ ಕೂತು ಅಂಚು ಸರಿಮಾಡಿದಳು.

"ಅಲ್ಲಾಡಬೇಡ. ಗಡಿಯಾರದ ಲೋಲಕ ಆಡಿದ ಹಾಗೆ ಆಡ್ತೀಯಲ್ಲ."

"ಕಚಗುಳಿ ಆಗುತ್ತೆ ದೊಡ್ಡಮ್ಮ."

"ನಾಳೆ ಕಿರೀಟ ಇಡೋವಾಗಲೂ ಹೀಗೇ ಕಿಸಕ್ ಅಂತ ನಗು."

"ನಾಳೆ ಅಲ್ಲ, ಇವತ್ತು. ಕಿರೀಟ ಇವತ್ತೇ."

ಇಬ್ಬರೂ ನಕ್ಕರು. ಗೇಟಿನ ಗಂಟೆ ಹೊಡೆಯಿತು. ಕಡ್ಡಿ ಗೌನು ಕಳಚಿ, ಅಂಗಿ ಏರಿಸಿಕೊಂಡು, ಗುಂಡಿ ಹಾಕಿಕೊಳ್ಳುತ್ತಲೇ ಓಡಿದಳು.

ದೊಡ್ಡಮ್ಮ ಊಟ ಮುಗಿಸಿ, ಅಂಚಿನ ಕೊನೆಯ ಹೊಲಿಗೆಗೆಂದು ಕೂತಾಗ ಸೂಜಿ ಸಿಗಲಿಲ್ಲ. ನೀಲಿ ನೂಲು ಪೋಣಿಸಿಟ್ಟ ಸಣ್ಣ ಸೂಜಿ. ಮೇಜು ನೋಡಿದಳು, ನೆಲ ಗುಡಿಸಿದಳು, ತನ್ನ ಬಟ್ಟೆಯನ್ನೆಲ್ಲ ತಡವಿದಳು. ಆಮೇಲೆ ತನ್ನ ಕೈಯೇ ಅವಳಿಗೆ ನೆನಪು ಹೇಳಿತು. ದರ್ಜಿಗಳಿಗೆ ಒಂದು ಚಾಳಿಯಿದೆ. ಕೈ ಖಾಲಿಯಾಗಬೇಕೆಂದರೆ ಸೂಜಿಯನ್ನು ಹತ್ತಿರದಲ್ಲಿ ಯಾವ ಬಟ್ಟೆಯಿದ್ದರೆ ಅದಕ್ಕೆ ಚುಚ್ಚಿಬಿಡುತ್ತಾರೆ, ನೋಡುವುದೂ ಇಲ್ಲ. ಬೆಳಿಗ್ಗೆ ಅವಳ ಬಲಗೈಗೆ ಹತ್ತಿರವಿದ್ದದ್ದು ಕುರ್ಚಿಯ ಮೇಲಿನ ಯೂನಿಫಾರಂ ಅಂಗಿ, ಅದರ ಕಾಲರು.

ಮಡಿಸುವ ಕೋಣೆಗೆ ಹೋಗುವವರು ಜೇಬು ಖಾಲಿ ಮಾಡಿ, ಉಂಗುರ ಸಹಿತ ತೆಗೆದಿಟ್ಟು ಒಳಗೆ ಹೋಗುತ್ತಾರೆಂದು ಕಡ್ಡಿಯೇ ಹೇಳಿದ್ದಳು. ಕಾಲರಿನ ಕೆಳಗೆ ಯಾರು ನೋಡುತ್ತಾರೆ? ಬಗ್ಗಿ ಬಗ್ಗಿ ಮಾಡುವ ಕೆಲಸ. ಸೂಜಿ ಜಾರಿ ಯಾವ ಮಡಿಕೆಯೊಳಗೆ ಬಿದ್ದಿದೆಯೋ.

ಮುಚ್ಚಿಡುವುದೇಕೆ, ದೊಡ್ಡಮ್ಮ ತಕ್ಷಣ ಎದ್ದು ಓಡಲಿಲ್ಲ. ಹೇಳಿದರೆ ಎಲ್ಲವನ್ನೂ ಬಿಚ್ಚಿಸುತ್ತಾರೆ, ಫೈನಲ್ ಹೋದ ಹಾಗೆ. ದಾರಿಯಲ್ಲಿ ಓಡುವಾಗ ಬಿದ್ದಿರಬಹುದಲ್ಲ ಎಂದು ತನಗೇ ಹೇಳಿಕೊಂಡಳು. ಅಷ್ಟು ದೊಡ್ಡ ಕೊಡೆಗೆ ಒಂದು ಸೂಜಿ ಏನು ಮಾಡೀತು ಎಂದಳು. ಗೋಡೆಗೆ ನೇತುಹಾಕಿದ್ದ ನೀಲಿ ಗೌನನ್ನು ನೋಡುತ್ತ ಕೂತಳು. ಎಳೆತ ಬಿದ್ದಾಗ ಬಟ್ಟೆ ಎಷ್ಟು ಸಣ್ಣ ತೂತಿನಿಂದ ಹರಿಯಲು ಶುರುವಾಗುತ್ತದೆ ಎಂಬುದು ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ದರ್ಜಿಗೆ ಗೊತ್ತು. ಅವಳು ಚಪ್ಪಲಿ ಮೆಟ್ಟಿಕೊಂಡು ಅಂಗಡಿಯ ಬಾಗಿಲೂ ಹಾಕದೆ ಗೇಟಿಗೆ ನಡೆದಳು.

"ಒಳಗೆ ಬಿಡಕ್ಕಾಗಲ್ಲ ದೊಡ್ಡಮ್ಮ," ಎಂದ ಕಾವಲುಗಾರ.

"ನಿನ್ನ ಪ್ಯಾಂಟು ಯಾರು ಹೊಲಿದದ್ದು?"

"ನೀನೇ."

"ಹಾಗಿದ್ರೆ ಫೋನೆತ್ತಿ ನಿಮ್ಮ ಕ್ಯಾಪ್ಟನ್ನಿಗೆ ಹೇಳು. ಪ್ಯಾರಾಚೂಟೊಳಗೆ ಸೂಜಿ ಬಿದ್ದಿದೆ ಅಂತ."

ಅವನ ನಗು ಇಳಿಯಿತು. ಸ್ವಲ್ಪ ಹೊತ್ತಿಗೆ ಕ್ಯಾಪ್ಟನ್ ತಾನೇ ಬಂದಳು. ನರೆತ ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡ, ಮಾತು ಕಡಿಮೆಯ ಹೆಂಗಸು. ದೊಡ್ಡಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಬನ್ನಿ ಅಮ್ಮ," ಎಂದಷ್ಟೇ ಹೇಳಿ ಕರೆದುಕೊಂಡು ಹೋದಳು.

ದೊಡ್ಡಮ್ಮ ಆ ಕೋಣೆಯನ್ನು ಮೊದಲ ಸಲ ನೋಡಿದಳು. ಗೋಡೆಯಿಂದ ಗೋಡೆಗೆ ಉದ್ದನೆಯ ನುಣುಪು ಮೇಜುಗಳು, ಅವುಗಳ ಮೇಲೆ ಹರಡಿದ ಹಸಿರು ಬಟ್ಟೆ, ಉಸಿರು ಬಿಟ್ಟರೂ ಅಲುಗುವಷ್ಟು ಹಗುರ. ಯಾರೂ ಮಾತಾಡುತ್ತಿರಲಿಲ್ಲ. ಬದುಕಿಡೀ ಬಟ್ಟೆಯ ಮಧ್ಯೆಯೇ ಕಳೆದವಳಿಗೆ ಬಟ್ಟೆಯನ್ನು ಇಷ್ಟು ಮರ್ಯಾದೆಯಿಂದ ಮುಟ್ಟುವವರಿದ್ದಾರೆಂದು ಗೊತ್ತಿರಲಿಲ್ಲ.

ಕಡ್ಡಿ ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಳು. ಸುದ್ದಿ ಕೇಳಿ ಕಾಲರು ತಡವಿಕೊಂಡಳು. ಸೂಜಿ ಇರಲಿಲ್ಲ. ದೊಡ್ಡಮ್ಮನನ್ನು ಒಂದು ಸಲ ನೋಡಿದಳು, ಬೈಯಲಿಲ್ಲ. ಕಪಾಟಿನಿಂದ ತಾನು ಕೊನೆಗೆ ಮಡಿಸಿದ ಚೀಲವನ್ನು ಮೊದಲು ಇಳಿಸಿದಳು.

"ನಾವೂ ಕೈಹಾಕ್ತೀವಿ," ಎಂದರು ಪಕ್ಕದ ಮೇಜಿನವರು.

"ಬೇಡ," ಎಂದಳು ಕ್ಯಾಪ್ಟನ್. "ಮಡಿಸಿದವರೇ ಬಿಚ್ಚಬೇಕು, ಬಿಚ್ಚಿದವರೇ ಮಡಿಸಬೇಕು. ಇಲ್ಲಿ ಹಾಗೇ."

ಕಡ್ಡಿ ಬಿಚ್ಚಿದಳು. ಬರಿಗೈಯನ್ನು ಬಟ್ಟೆಯ ಮೇಲೆ ಇಂಚು ಇಂಚಾಗಿ ಆಡಿಸಿದಳು. ಏನೂ ಇರಲಿಲ್ಲ, ಮತ್ತೆ ಮಡಿಸಿದಳು. ಎರಡನೆಯದರಲ್ಲೂ ಇಲ್ಲ. ಮೂರನೆಯದರಲ್ಲಿ ಅವಳ ಕೈ ನಿಂತಿತು. ಬೆರಳ ತುದಿಯಲ್ಲಿ ಒಂದು ಹನಿ ರಕ್ತ, ಅದರ ಪಕ್ಕ ಸೂಜಿ.

ಕೋಣೆಯವರೆಲ್ಲ ಉಸಿರು ಬಿಟ್ಟರು. ದೊಡ್ಡಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ಕ್ಯಾಪ್ಟನ್ ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿ, "ಕಳೆದದ್ದು ಸಿಕ್ತು. ಇದೊಂದನ್ನ ಮಡಿಸಿ ನೀನು ಹೊರಡು. ಸಂಜೆ ನಿನ್ನನ್ನ ಟಿವಿಯಲ್ಲಿ ನೋಡ್ಬೇಕು ಅಂತ ನಾನೂ ಕಾಯ್ತಿದೀನಿ," ಎಂದಳು. ಕಡ್ಡಿಯ ಮುಖ ಅರಳಿತು. ಈಗ ಹೊರಟರೂ ವೇದಿಕೆಗೆ ವೇಳೆಯಿತ್ತು.

ದೊಡ್ಡಮ್ಮ ಮಾತ್ರ ಸೂಜಿಯನ್ನೇ ನೋಡುತ್ತಿದ್ದಳು. ಸೂಜಿಯಲ್ಲಿ ನೂಲಿರಲಿಲ್ಲ.

ಅವಳೇ ಪೋಣಿಸಿದ್ದು, ತುದಿಗೆ ಗಂಟು ಹಾಕಿದ್ದೂ ಅವಳೇ. ನೂಲು ತಾನಾಗಿ ಕಳಚುವುದಿಲ್ಲ. ಸೂಜಿ ಎಲ್ಲೋ ಒಂದು ಕಡೆ ಚುಚ್ಚಿಕೊಂಡಿದೆ, ಯಾವುದೋ ಎಳೆತಕ್ಕೆ ನೂಲು ಅಲ್ಲೇ ಉಳಿದು ಸೂಜಿಯೊಂದೇ ಜಾರಿ ಮುಂದಕ್ಕೆ ಬಂದಿದೆ. ಇದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತು. ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಕೇಳುವವರಿರಲಿಲ್ಲ. ಕಡ್ಡಿ ಆಗಲೇ ಲಗುಬಗೆಯಿಂದ ಹಗ್ಗ ನೇರ ಮಾಡುತ್ತಿದ್ದಳು, ತುಟಿಯಂಚಿನಲ್ಲಿ ನಗುವಿತ್ತು. ಆ ನಗುವನ್ನು ದೊಡ್ಡಮ್ಮ ತನ್ನ ಕೈಯಾರೆ ಕಿತ್ತುಹಾಕಬೇಕಿತ್ತು.

"ಕಡ್ಡಿ," ಎಂದಳು. "ಅದರಲ್ಲಿ ನೂಲಿತ್ತು ಕಣೇ."

ಬೇರೆಯವರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಕಡ್ಡಿಗೆ ಬೇಕಾಗಲಿಲ್ಲ. ಅವಳ ಕೈ ನಿಂತಿತು. ಕಣ್ಣು ಮುಚ್ಚಿ ತೆರೆದಳು. ಲಗುಬಗೆಯಿಂದ ಜೋಡಿಸುತ್ತಿದ್ದ ಹಗ್ಗಗಳನ್ನು ಪೂರ್ತಿ ಬಿಟ್ಟು, ಮೊದಲಿನಿಂದ ನಿಧಾನವಾಗಿ ಶುರುಮಾಡಿದಳು.

ದೊಡ್ಡಮ್ಮ ಆ ಸಂಜೆ ನೋಡಿದ್ದನ್ನು ಆಮೇಲೆ ಎಷ್ಟೋ ಜನಕ್ಕೆ ಹೇಳಲು ಹೋಗಿ ಸೋತಳು. ಹುಡುಗಿ ಅವಸರ ಮಾಡಲಿಲ್ಲ, ಅಷ್ಟೇ. ಕಿಟಕಿಯ ಬಿಸಿಲು ಮೇಜಿನಿಂದ ನೆಲಕ್ಕೆ ಇಳಿಯಿತು. ಹೊರಗೆ ಪೆಟ್ಟಿಗೆಯಲ್ಲಿಟ್ಟಿದ್ದ ಅವಳ ಫೋನು ಬಡಿದುಕೊಳ್ಳತೊಡಗಿತು. ಸ್ಪರ್ಧೆಯ ಮೇಡಂ ಕರೆಯುತ್ತಿದ್ದಾರೆ ಎಂದು ಕಾವಲಿನವನು ಬಂದು ಹೇಳಿದ, ಆಮೇಲೆ ಮತ್ತೆ ಬಂದು ಹೇಳಿದ. ಕಡ್ಡಿ ತಲೆ ಎತ್ತಲಿಲ್ಲ. ಒಂದೊಂದು ಪದರವನ್ನೂ ಎತ್ತಿದಳು, ಸವರಿದಳು, ಇಳಿಸಿದಳು. ಕೊನೆಯದನ್ನೂ ಮೊದಲನೆಯದರಷ್ಟೇ ಸಾವಧಾನವಾಗಿ ಮಲಗಿಸಿದಳು. ತನ್ನ ಆಸೆ ಕಣ್ಣೆದುರಿಗೆ ಕೈಜಾರಿ ಹೋಗುತ್ತಿರುವಾಗ ಯಾರದೋ ಮಕ್ಕಳಿಗಾಗಿ ಇಷ್ಟು ತಾಳ್ಮೆಯಿಂದ ಬಟ್ಟೆ ಸವರುವವರನ್ನು ದೊಡ್ಡಮ್ಮ ಕಂಡಿರಲಿಲ್ಲ. ಇವಳು ನಮ್ಮ ಮನೆಯಲ್ಲಿ ಹುಟ್ಟಿದವಳೇ ಎಂದು ಅವಳಿಗೆ ದಿಗ್ಭ್ರಮೆಯಾಯಿತು. ಅವಳ ಮುಂದೆ ಮಾತಾಡಲೂ ಒಂದು ಬಗೆಯ ಭಯವಾಯಿತು.

ನೂಲು ಸಿಕ್ಕಿತು. ಇನ್ನೆರಡೇ ಚೀಲ ಉಳಿದಿವೆ ಎನ್ನುವಾಗ ಸಿಕ್ಕಿತು. ಬಟ್ಟೆಯ ಜೋಡಣೆಯ ಪಕ್ಕದಲ್ಲಿ ಗಂಟು ಸಮೇತ ಸಿಕ್ಕಿಕೊಂಡಿತ್ತು, ಅದರ ಸುತ್ತ ಬೆರಳುದ್ದದ ಸೀಳು. ಕ್ಯಾಪ್ಟನ್ ಆ ಸೀಳಿಗೆ ಬೆರಳು ತೂರಿಸಿ ನೋಡಿದಳು. ಆ ಪ್ಯಾರಾಚೂಟನ್ನು ಕಪಾಟಿನಿಂದ ದೂರ ಒಯ್ದಳು. ಉಳಿದ ಎರಡನ್ನೂ ಕಡ್ಡಿ ಬಿಚ್ಚಿ ನೋಡಿಯೇ ಮಡಿಸಿದಳು.

ಅವರು ಹೊರಗೆ ಬಂದಾಗ ಊರಿನ ಸಭಾಂಗಣದಲ್ಲಿ ಬೇರೊಬ್ಬಳ ತಲೆಗೆ ಕಿರೀಟ ಇಟ್ಟಾಗಿತ್ತು. ಕಡ್ಡಿ ನಲ್ಲಿಯ ಹತ್ತಿರ ಮುಖ ತೊಳೆಯಲು ಹೋದಳು, ಬೇಗ ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು.

"ಗೆಲ್ಲಬೇಕು ಅಂತ ತುಂಬಾ ಆಸೆ ಇತ್ತು ದೊಡ್ಡಮ್ಮ," ಎಂದಳು.

"ಗೊತ್ತು ಮಗಳೇ. ನನ್ನ ಕೈ ಸೇದಿಹೋಗ."

"ಹಾಗನ್ನಬೇಡ. ನೀನು ಹೇಳದೆ ಇದ್ದಿದ್ರೆ?" ಅವಳು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡಳು. "ಹೊಟ್ಟೆ ಚುರುಗುಟ್ತಿದೆ. ಮನೇಲಿ ಏನಾದ್ರೂ ಇದ್ರೆ ಹಾಕು."

ಮಾರನೆಯ ಬೆಳಿಗ್ಗೆ ಕ್ಯಾಪ್ಟನ್ ದೊಡ್ಡಮ್ಮನನ್ನೂ ಮೈದಾನಕ್ಕೆ ಬರಹೇಳಿದ್ದಳು. ಮೊದಲ ಸಲ ಹಾರುವ ಹುಡುಗರ ಮನೆಯವರು ಹಗ್ಗದ ಆಚೆ ನಿಂತಿದ್ದರು. ಸೂಜಿಯ ಸುದ್ದಿ ಅಷ್ಟರಲ್ಲಿ ಎಲ್ಲರ ಕಿವಿಗೂ ಬಿದ್ದಿತ್ತು. ಇಂಥ ಸುದ್ದಿಗೆ ಕಾಲು ಬರುವುದು ಎಷ್ಟು ಹೊತ್ತು. ಪ್ಯಾರಾಚೂಟ್ ಹಂಚುವಾಗ ದುಂಡುಮುಖದ ಒಬ್ಬ ಹುಡುಗ ತನ್ನ ಕೈಗೆ ಬಂದದ್ದನ್ನು ಕೆಳಗಿಟ್ಟು ಹಿಂದೆ ಸರಿದ. ಅವನನ್ನು ನೋಡಿ ಇನ್ನಿಬ್ಬರು ಸರಿದರು. ಆಮೇಲೆ ಯಾರೂ ಮುಂದೆ ಬರಲಿಲ್ಲ.

ಕ್ಯಾಪ್ಟನ್ ಗದರಲಿಲ್ಲ. ಕಡ್ಡಿಯ ಕಡೆ ನೋಡಿದಳು. ಕಡ್ಡಿ ನಡೆದು ಬಂದು ದುಂಡುಮುಖದವನ ಮುಂದೆ ನಿಂತಳು.

"ಇವೆಲ್ಲ ನಾನು ಮಡಿಸಿದ್ದು. ನಿಂಗೆ ಯಾವುದರ ಮೇಲೆ ಹೆಚ್ಚು ಅನುಮಾನ?"

ಅವನು ತೊದಲುತ್ತ, ತಾನು ಕೆಳಗಿಟ್ಟದ್ದನ್ನೇ ತೋರಿಸಿದ.

"ಅದನ್ನ ನನ್ನ ಬೆನ್ನಿಗೆ ಕಟ್ಟು. ಮೊದಲು ನಾನು ಹಾರ್ತೀನಿ."

ಅವನು ಅದನ್ನೆತ್ತಿ ಅವಳ ಬೆನ್ನಿಗಿಟ್ಟ. ಪಟ್ಟಿ ಹೇಗೆ ಬಿಗಿಯಬೇಕೆಂದು ಕಡ್ಡಿಯೇ ಹೇಳಿಕೊಟ್ಟಳು, ಹಾಸಿಗೆ ಹಿಡಿದವರ ಜೊತೆ ಮಾತಾಡುವಷ್ಟೇ ಮೆತ್ತಗೆ. ದುಂಡುಮುಖದವನು ಬೇರೊಂದನ್ನು ಕಟ್ಟಿಕೊಂಡು ಅವಳ ಹಿಂದೆಯೇ ನಿಂತ, ಉಳಿದ ಹುಡುಗರು ಒಬ್ಬೊಬ್ಬರಾಗಿ ಮುಂದೆ ಬಂದು ತಮ್ಮ ತಮ್ಮದನ್ನು ಎತ್ತಿಕೊಂಡರು. ವಿಮಾನ ಎಲ್ಲರನ್ನೂ ಹೊತ್ತುಕೊಂಡು ಮೇಲೇರಿತು.

ದೊಡ್ಡಮ್ಮನ ಪಕ್ಕದಲ್ಲಿದ್ದ ಹೆಂಗಸು ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಮುಖ ನೋಡಿದರೆ ಸಾಕು, ದುಂಡುಮುಖದವನ ತಾಯಿ ಎಂದು ಗೊತ್ತಾಗುತ್ತಿತ್ತು. "ಸೂಜಿ ಬಿಟ್ಟಿದ್ರಂತೆ ಒಳಗೆ," ಎಂದಳು. "ಯಾವಳೋ ದರ್ಜಿಯಂತೆ. ಅವಳಿಗೇನು ಗೊತ್ತು, ಹೆತ್ತವರ ಸಂಕಟ. ನನ್ನ ಕೈಗೆ ಸಿಕ್ಕಿದ್ರೆ ಸುಮ್ನೆ ಬಿಡ್ತಿರಲಿಲ್ಲ."

ದೊಡ್ಡಮ್ಮ ಸುಮ್ಮನಿದ್ದರೂ ನಡೆಯುತ್ತಿತ್ತು.

"ನಾನೇ ಅವಳು," ಎಂದಳು.

ಹೆಂಗಸು ಗಕ್ಕನೆ ತಿರುಗಿದಳು. ಅಷ್ಟರಲ್ಲಿ ಆಕಾಶದಲ್ಲಿ ಒಂದು ಚುಕ್ಕಿ ವಿಮಾನದಿಂದ ಕಳಚಿಕೊಂಡಿತು. ಕಲ್ಲು ಬಿದ್ದ ಹಾಗೆ ಬೀಳತೊಡಗಿತು. ದೊಡ್ಡಮ್ಮ ಅತ್ತ ಕೈ ಎತ್ತಿದಳು.

"ಮೊದಲು ಬೀಳ್ತಾ ಇರೋದು ನಮ್ಮವಳು. ನಿಮ್ಮ ಮಗ ಬೇಡ ಅಂದದ್ದನ್ನೇ ಕಟ್ಟಿಕೊಂಡಿದಾಳೆ."

ಇಬ್ಬರೂ ಕತ್ತೆತ್ತಿ ನೋಡಿದರು. ಚುಕ್ಕಿ ಬೀಳುತ್ತಲೇ ಇತ್ತು. ದೊಡ್ಡಮ್ಮನಿಗೆ ದೇವರ ಹೆಸರೂ ಬಾಯಿಗೆ ಬರಲಿಲ್ಲ. ಆಮೇಲೆ ಆ ಚುಕ್ಕಿಯ ಮೇಲೆ ಹಸಿರು ಬಟ್ಟೆ ಒಂದೇ ಸಲಕ್ಕೆ ಬಿಚ್ಚಿಕೊಂಡು, ತುಂಬಿಕೊಂಡು, ಇಡೀ ಆಕಾಶಕ್ಕೆ ತಾನೊಂದೇ ಎಂಬಂತೆ ನಿಂತಿತು. ಅಷ್ಟು ಚೆಂದದ್ದನ್ನು ದೊಡ್ಡಮ್ಮ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವಳ ಕಣ್ಣಿಂದ ನೀರು ದಳದಳ ಇಳಿಯಿತು.

ವಿಮಾನದಿಂದ ಇನ್ನೊಂದು ಚುಕ್ಕಿ ಕಳಚಿತು.

"ಅದು ನನ್ನ ಮಗ," ಎಂದಳು ಆ ತಾಯಿ. ಹಗ್ಗ ಬಿಟ್ಟು ಅವಳ ಕೈ ಪಕ್ಕದಲ್ಲಿ ತಡವರಿಸುತ್ತಿತ್ತು. ದೊಡ್ಡಮ್ಮ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ತೆರೆದುಕೊಳ್ಳುತ್ತೆ," ಎಂದಳು. "ಅವಳು ಮಡಿಸೋದನ್ನ ನಾನು ನೋಡಿದೀನಿ."